ಮುನಿವೆಂಕಟಪ್ಪನವರ ಎರಡು ಮಾತು

ಮೈಕು ಕುಯ್ಯೆನ್ನುತ್ತಿದೆ, ಯಾರೋ ಅದರ ನೆತ್ತಿಗೆ ಟಪಟಪ ಬಡಿಯುತ್ತಿದ್ದಾರೆ, ಪೇಟದೊಳಗೆ ಬೆವರು, ಸುಗಂಧರಾಜದ ಹಾರದಿಂದ ನೀರು ಅಂಗಿಯೊಳಗೆ ಇಳಿಯುತ್ತಿದೆ, ತೆಗೆಯಲು ಹೋದರೆ ಇರ್ಲಿ ಸಾರ್ ಫೋಟೋ ಆಗ್ಲಿ ಎಂದರು, ಇರಲಿ, ಇಂದಿರಾನಗರದ ಬ್ಯಾಂಕಿನಲ್ಲಿ ಕುಳಿತು ಸಹಿ ಹಾಕುವವನ ಕೊರಳಿಗೆ ಹಾರ ಬಿದ್ದರೆ ಅದೇ ಹೆಚ್ಚು — ಈಗ ಗರುಡಾಚಾರ್‌ಪಾಳ್ಯದ ಹೆಮ್ಮೆ, ಭಾರತ ತಂಡದ ಮಾಜಿ ಸ್ಪಿನ್ನರ್ ಮುನೀಂದ್ರ ಅವರನ್ನು ಹೆತ್ತ ತಂದೆ ಮುನಿವೆಂಕಟಪ್ಪನವರು ಎರಡು ಮಾತಾಡ್ತಾರೆ, ಆಮೇಲೆ ಮುನೀಂದ್ರ ಅವರು — ಹೆತ್ತದ್ದು ಅಮ್ಮ ಕಣಯ್ಯ, ಅವಳು ಶಾಮಿಯಾನದ ಕೊನೆಯ ಸಾಲಿನಲ್ಲಿ ಕುರ್ಚಿಯ ತುದಿಗೆ ಕುಳಿತಿದ್ದಾಳೆ, ಯಾರಾದರೂ ಬಂದರೆ ಬಿಟ್ಟುಕೊಡಬೇಕು ಎನ್ನುವ ಹಾಗೆ. ಅಪ್ಪ ಎದ್ದ. ಬಿಳಿ ಪಂಚೆ, ಬಿಳಿ ಅಂಗಿ, ತೋಳು ಮಡಿಸಿದ್ದಾನೆ, ತೋಳು — ಬೇಡ, ಅದು ಬೇಡ ಈಗ. ಮೈದಾನದ ಹೊಸ ಗೇಟಿಗೆ ನಮ್ಮಿಬ್ಬರ ಹೆಸರು ಬರೆಸಿದ್ದಾರೆ, ಅಪ್ಪನದು ಮೇಲೆ, ನನ್ನದು ಕೆಳಗೆ. ಎರಡು ಮಾತು ಎಂದರೆ ಅಪ್ಪನಿಗೆ ಇನ್ನೂರು ಎಂದು ಊರಿಗೇ ಗೊತ್ತು, ಮಾತಾಡಲಿ, ಮುಗಿದ ಮೇಲೆ ನಾನು, ನಾನು ಏನು ಹೇಳಲಿ, ಸಭಿಕರೇ ನನ್ನ ಕೈ ಮುರಿದವನೂ ಇವನೇ, ಮುರಿದೇ ಇಲ್ಲ ಎಂದವನೂ ಇವನೇ ಎನ್ನಲೇ, ಅದು ಹೇಳುವುದು ಕಷ್ಟವಲ್ಲ, ಕಷ್ಟ ಇನ್ನೊಂದಿದೆ, ಎಂಟು ವರ್ಷದಿಂದ ನನ್ನನ್ನು ಕೊರೆಯುತ್ತಿರುವುದು ಅದೊಂದೇ: ಆ ದಿನ ತಾನು ಆಡುವ ಮಾತಿಗೆ ನನ್ನ ಆಟ ಮುಗಿದುಹೋಗುತ್ತದೆಂದು ಅಪ್ಪನಿಗೆ ಗೊತ್ತಿತ್ತೋ, ಇಲ್ಲವೋ. ಗೊತ್ತಿರಲಿಲ್ಲ ಕಣೋ ಎನ್ನುತ್ತಾಳೆ ಅಮ್ಮ, ಆ ಆಟದ್ ಕಾನೂನು ನಿಮ್ಮಪ್ಪಂಗೇನ್ ಗೊತ್ತಾಯ್ತದೆ, ಸೊಪ್ಪು ಬೆಳೆಯೋರು. ಆ ಮಾತನ್ನೇ ಹಿಡಿದುಕೊಂಡು ಎಂಟು ವರ್ಷ ಅವನ ಎದುರು ಕುಳಿತು ಮುದ್ದೆ ಉಂಡಿದ್ದೇನೆ.

ನಾನು ಓದ್ದೋನಲ್ಲ ಸ್ವಾಮಿ, ಎನ್ನುತ್ತಿದ್ದಾನೆ ಅಪ್ಪ, ಚಪ್ಪಾಳೆ, ಇವ್ನು ಎಂಟು ವರ್ಷದ್ ಹುಡ್ಗ ಇದ್ದಾಗ್ಲೇ ನಾನ್ ನೋಡ್ದೆ, ಇವನ್ ಕೈಯಾಗೆ ಏನೋ ಐತೆ ಅಂತ — ಇತ್ತಪ್ಪ, ನೀನೇ ಇಟ್ಟದ್ದು. ಕರೆಂಟು ಬಂದಾಗ ಮೋಟರು ಹಾಕಿ ಕೊತ್ತಂಬರಿ ಮಡಿಗಳಿಗೆ ಒಂದೊಂದಾಗಿ ನೀರು ತಿರುಗಿಸಬೇಕಿತ್ತು, ನಾನು ಮೋಟರು ಹಾಕಿದವನು ಮಹದೇವಪುರದ ಕಾರ್ಖಾನೆಯವರು ಬಿಳಿ ಪ್ಯಾಂಟು ತೊಟ್ಟು ಆಡುವುದನ್ನು ನೋಡುತ್ತ ಬೇಲಿಗೆ ಒರಗಿಬಿಟ್ಟೆ, ವಾಪಸು ಬಂದಾಗ ಮಡಿಗಳೆಲ್ಲ ಒಡೆದು ಬೀಜ ರಸ್ತೆಯವರೆಗೆ ಹರಿದುಹೋಗಿತ್ತು, ಅಪ್ಪ ಗುದ್ದಲಿಯ ಕಾವು ಎತ್ತಿಕೊಂಡ, ನಾನು ತಲೆಗೆ ಬೀಳದಿರಲಿ ಎಂದು ಬಲಗೈ ಅಡ್ಡ ಕೊಟ್ಟೆ, ಒಣ ಕಡ್ಡಿ ಮುರಿದ ಸದ್ದು, ನೋವು ಆಮೇಲೆ ಬಂತು. ಆಸ್ಪತ್ರೆಗೆ ಹೋದರೆ ಕೈಯನ್ನೇ ಕತ್ತರಿಸುತ್ತಾರೆ ಎಂದು ಊರೆಲ್ಲ ನಂಬಿದ್ದ ಕಾಲ, ಹಲಸೂರಿನಲ್ಲಿ ಮೂಳೆ ಕಟ್ಟುವ ನಿಂಗಣ್ಣನ ಹತ್ತಿರ ಎತ್ತಿಕೊಂಡು ಹೋದ, ಹೌದು, ಹೆಗಲ ಮೇಲೆ ಎತ್ತಿಕೊಂಡೇ ಹೋದ, ದಾರಿಯುದ್ದಕ್ಕೂ ಅತ್ತ, ಅದನ್ನೂ ಹೇಳಬೇಕು. ಸೀಬೆ ಮರದಿಂದ ಬಿದ್ದ ಕಣಣ್ಣ ಎಂದ. ನಿಂಗಣ್ಣ ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಬಿದಿರಿನ ದಬ್ಬೆ ಇಟ್ಟು ಕಟ್ಟಿದ, ಬಿಚ್ಚಿದಾಗ ಮೊಣಕೈ ಸ್ವಲ್ಪ ಬಾಗಿಯೇ ಉಳಿದಿತ್ತು, ಎಷ್ಟು ಚಾಚಿದರೂ ನೆಟ್ಟಗಾಗದು, ಗಂಡು ಹುಡ್ಗ ಅಲ್ವಾ ನಡೀತದೆ ಬಿಡು ಎಂದರು. ನಡೆಯಿತು. ಆ ಬಾಗಿದ ಕೈಯಿಂದ ಬಿಟ್ಟ ಚೆಂಡು ಯಾವ ಕಡೆ ತಿರುಗುತ್ತದೆಂದು ಶಿವಾಜಿನಗರದ ಕ್ಲಬ್ಬಿನಲ್ಲಿ ಯಾರಿಗೂ ತಿಳಿಯಲಿಲ್ಲ, ರಾಜ್ಯ ತಂಡದಲ್ಲಿ ತಿಳಿಯಲಿಲ್ಲ, ತೊಂಬತ್ನಾಲ್ಕರಲ್ಲಿ ನೀಲಿ ಕೋಟು ತೊಟ್ಟು ವಿಮಾನ ಹತ್ತಿದೆ, ಬಸ್ಸಿನಲ್ಲಿ ಎಲ್ಲರೂ ಇಂಗ್ಲಿಷು ಹಿಂದಿ, ನಾನು ಕಿಟಕಿಗೆ ಮುಖ ಕೊಟ್ಟು ನನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗುತ್ತಿದ್ದೆ, ಒಂದು ಸಂಜೆ ಐದು ವಿಕೆಟ್ ಬಿದ್ದವು, ನಾಯಕ ನನ್ನ ತಲೆ ಹಿಡಿದು ಅಲ್ಲಾಡಿಸಿದ, ಅಷ್ಟು ಸುಖ ನನಗೆ ಮತ್ತೆ ಯಾವುದರಲ್ಲೂ ಸಿಕ್ಕಿಲ್ಲ, ಮದುವೆಯಲ್ಲೂ ಇಲ್ಲ, ಮಗಳು ಹುಟ್ಟಿದಾಗಲೂ ಇಲ್ಲ, ಪಾಪ ಅನ್ನಿಸಿದರೂ ನಿಜ ಅದು. ಆಮೇಲೆ ತೊಂಬತ್ತೇಳು, ಹೊರದೇಶದ ಚಳಿಯ ಮೈದಾನ, ಬದಿಯಲ್ಲಿ ನಿಂತ ಅಂಪೈರ್ ತೋಳನ್ನು ಪಕ್ಕಕ್ಕೆ ನೆಟ್ಟಗೆ ಚಾಚಿ ನೋಬಾಲ್ ಎಂದು ಕೂಗಿದ, ಮತ್ತೆ ಕೂಗಿದ, ಇವನು ಬೌಲಿಂಗ್ ಮಾಡುತ್ತಿಲ್ಲ, ಮೊಣಕೈ ಮಡಿಸಿ ಕಲ್ಲು ಎಸೆದ ಹಾಗೆ ಎಸೆಯುತ್ತಿದ್ದಾನೆ ಎಂದು. ಮೈದಾನಕ್ಕೆ ಮೈದಾನವೇ ನನ್ನ ಮೊಣಕೈ ನೋಡುತ್ತಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎನ್ನುತ್ತಾರೆ, ನಮ್ಮಲ್ಲಿ ಬೇಲಿ ಹೊಲ ಮೇಯ್ದು ಭಾಷಣಕ್ಕೂ ನಿಂತಿದೆ, ಜನ ಶಿಳ್ಳೆ ಹಾಕುತ್ತಿದ್ದಾರೆ, ಮುಂದಿನ ಸಾಲಿನಲ್ಲಿ ಹೆಂಡತಿ ಸುಕನ್ಯ ನೆಟ್ಟಗೆ ಕೂತ್ಕೊಳ್ಳಿ ಎಂದು ಕಣ್ಣಿನಲ್ಲೇ ಹೇಳುತ್ತಿದ್ದಾಳೆ. ಆ ದಿನ ಕ್ರಿಕೆಟ್ ಮಂಡಳಿಯ ವಿಚಾರಣಾ ಸಮಿತಿಯ ಮೂವರು ಮನೆಗೆ ಬಂದರು, ಎಕ್ಸ್‌ರೇ ನೋಡಿದ ಡಾಕ್ಟರು ಹಳೆಯ ಮುರಿತವಿದೆ, ಎಷ್ಟು ಹಳೆಯದೆಂದು ಹೇಳಲಾರೆ ಎಂದಿದ್ದರು, ಬಾಲ್ಯದ್ದಾದರೆ ಅದು ನನ್ನ ಸಹಜ ಕೈ, ಆಡಬಹುದು, ಇಲ್ಲವಾದರೆ ನಾನು ಎಸೆದು ಸಿಕ್ಕಿಬಿದ್ದು ಕಥೆ ಕಟ್ಟುತ್ತಿರುವ ಕಳ್ಳ, ನಿಂಗಣ್ಣ ತೀರಿಕೊಂಡಿದ್ದ, ಕ್ಲಬ್ಬಿನವರು ಹೇಳಿದ್ದು ಬೇಡ, ಹೆತ್ತವರ ಬಾಯಿಂದ ಕೇಳುತ್ತೇವೆ ಎಂದರು. ಬೆಳಿಗ್ಗೆಯೇ ಅಪ್ಪನಿಗೆ ಹೇಳಿದ್ದೆ, ಸೀಬೆ ಮರದಿಂದ ಬಿದ್ದ ಅಂತಾನೇ ಹೇಳು, ನಿನ್ನ ಹೆಸರೇ ಬರೋದು ಬೇಡ, ಎಂಟನೇ ವಯಸ್ಸಲ್ಲಿ ಮುರೀತು ಅಂದ್ರೆ ಸಾಕು. ಇಲ್ಲವೆಂದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಲಿಲ್ಲ. ಹೂಂ ಕಣ್ ಹೋಗ್ಲಾ ಎಂದ. ಆದರೆ ದೊಡ್ಡ ದೊಡ್ಡ ಕಾರು ಬಾಗಿಲಿಗೆ ಬರುತ್ತವೆ ಎಂದು ಜಂಬ ತೋರಿಸಲು ಕೆ.ಆರ್. ಪುರದ ಚಿಕ್ಕವೆಂಕಟಪ್ಪನವರನ್ನೂ ಕರೆಸಿಬಿಟ್ಟಿದ್ದ, ಅವರ ಮಗಳು ಸುಕನ್ಯಳನ್ನು ನನಗೆ ತರುವ ಮಾತು ನಡೆದಿತ್ತು, ಹುಡುಗನಿಗೆ ಒಂದು ಐಬಿಲ್ಲ, ಕೈ ಬಾಗಿಸೋದು ಬೌಲಿಂಗ್ ಸ್ಟೈಲು ಎಂದು ಅವರಿಗೆ ಮೊದಲೇ ಹೇಳಿದ್ದ. ಆಗಲಿರುವ ಬೀಗರು ಬೆತ್ತದ ಕುರ್ಚಿಯಲ್ಲಿ, ಮೂವರು ಸೋಫಾದಲ್ಲಿ, ಅಮ್ಮ ಕಾಫಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ. ಚಿಕ್ಕಂದಿನಲ್ಲಿ ಕೈ ಮುರಿದಿತ್ತೇ ಎಂದು ಕೇಳಿದರು. ಅಪ್ಪ ಬೀಗರ ಮುಖ ನೋಡಿದ. ನನ್ ಮಗನ್ ಕೈಯಾ, ಎಂದೂ ಮುರಿದಿಲ್ಲ ಸ್ವಾಮಿ. ನಾನು ಹೇಳಿದೆ, ಮುರಿದಿತ್ತು ಸರ್, ಎಂಟನೇ ವಯಸ್ಸಿನಲ್ಲಿ, ಅಮ್ಮಾ ಹೇಳಮ್ಮಾ. ಅಮ್ಮ ತಟ್ಟೆ ಹಿಡಿದು ಒಳಗೆ ಹೋದಳು. ನಿಮ್ಮ ತಂದೆಯವರೇ ಇಲ್ಲ ಅಂತಾರಲ್ರೀ ಎಂದು ಒಬ್ಬರು ನಕ್ಕರು, ಆಗ ಅಪ್ಪ ಎದ್ದು ನಿಂತು ತನ್ನ — ಬೇಡ. ಮದುವೆಯಾದ ಮೇಲೆ ಸುಕನ್ಯಳಿಗೆ ನಾನಾಗಿಯೇ ಕೈ ತೋರಿಸಿದರೆ ಅವಳು ನಕ್ಕುಬಿಟ್ಟಳು, ಅಯ್ಯೋ, ನಮ್ಮಪ್ಪಂಗೆ ಮೊದ್ಲೇ ಗೊತ್ತಿತ್ತು ಬಿಡ್ರೀ, ಟೀವೀಲಿ ನೋಡ್ತಿರ್ಲಿಲ್ವಾ, ಸೊಟ್ಟ ಕೈ ಅಳಿಯ ಅಂತಾನೇ ಮನೇಲಿ ನಿಮ್ ಹೆಸ್ರು. ಯಾರಿಗೂ ಬೇಕಿಲ್ಲದ ಸುಳ್ಳು ಅದು. ಆ ಸುಳ್ಳಿಗೆ ನನ್ನ ಆಟ ಹೋಯಿತು.

ಇನ್ನೊಂದ್ ಮಾತು ಹೇಳಿ ಮುಗಿಸ್ತೀನಿ, ಎನ್ನುತ್ತಿದ್ದಾನೆ ಅಪ್ಪ, ಮುಗಿಸಪ್ಪ ತಂದೆ, ಇವತ್ತು ನಾನು ಒಳ್ಳೆಯದನ್ನೇ ಆಡಿಬಿಡುತ್ತೇನೆ, ವಯಸ್ಸಾಗಿದೆ ನಿನಗೆ, ಗೊತ್ತಿರಲಿಲ್ಲ ನಿನಗೆ, ಗೇಟಿನ ಮೇಲೆ ನಿನ್ನ ಹೆಸರೇ ಇರಲಿ — ದೊಡ್ ದೊಡ್ ಆಫೀಸರ್ಗಳು ನಮ್ಮನೆಗ್ ಬಂದಿದ್ರು ಸ್ವಾಮಿ, ಮಗನ್ ಕೈಯಾಗೆ ಊನ ಐತೆ ಅಂತ ನಾನು ಬಾಯಿಬಿಟ್ ಹೇಳ್ಬೇಕಂತೆ, ಹೇಳುದ್ರೆ ಇನ್ನೂ ಹತ್ತು ವರ್ಷ ಆಡುಸ್ತಾರಂತೆ, ಇಲ್ದಿದ್ರೆ ಮನೇಗ್ ಕಳುಸ್ತಾರಂತೆ, ಎಲ್ಲಾ ನಂಗೆ ಗೊತ್ತಿತ್ತು, ಯಾವ್ ತಂದೆ ಹೇಳ್ತಾನೆ ನೀವೇ ಹೇಳಿ, ಆಟ ಇವತ್ತಿರ್ತದೆ ನಾಳೆ ಹೋಯ್ತದೆ, ಮನೆ ಮರ್ಯಾದೆ ಹೋದ್ರೆ ವಾಪಸ್ ಬರ್ತದಾ, ಹೋದ್ರೆ ಹೋಗ್ಲಿ ಆಟ ಅಂದೆ — ಚಪ್ಪಾಳೆ, ಎಂಥ ಚಪ್ಪಾಳೆ, ವೇದಿಕೆಯ ಹಲಗೆಗಳೇ ಅದುರುತ್ತಿವೆ, ಕೊನೆಯ ಸಾಲಿನಲ್ಲಿ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ಗೊತ್ತಿತ್ತು. ಎಲ್ಲಾ ಗೊತ್ತಿತ್ತು ಎಂದ. ಎಂಟು ವರ್ಷ ನಾನು ಅವನ ಪರವಾಗಿ ನನ್ನೊಡನೆಯೇ ವಾದ ಮಾಡಿದ್ದು ದಂಡ. ಮುನೀಂದ್ರ ಅವರು ಬರಬೇಕು, ಬನ್ನಿ ಸಾರ್, ಎದ್ದಿದ್ದೇನೆ, ಕಾಲು ನಡೆಯುತ್ತಿದೆ, ಮೈಕಿನ ಕಬ್ಬಿಣ ತಣ್ಣಗಿದೆ, ಹೇಳಬೇಕು, ಸಭಿಕರೇ ಎನ್ನಬೇಕು, ಮಾತಾಡಿ ಸಾರ್ — ಮೈದಾನವಿಲ್ಲ, ಜನರಿಲ್ಲ, ಆ ದಿನದ ನಮ್ಮ ಮನೆಯ ನಡುಮನೆ, ಅಪ್ಪ ಎದ್ದು ನಿಂತು ಅಂಗಿಯ ತೋಳನ್ನು ಹೆಗಲವರೆಗೆ ಮಡಿಸುತ್ತಿದ್ದಾನೆ, ನೋಡ್ಕಳಿ ಸ್ವಾಮಿ ನಮ್ ವಂಶದ್ ಕೈ ಎಂದು ಮೂವರ ಮೂಗಿನ ಮುಂದೆ ತನ್ನ ಬಲತೋಳನ್ನು ಪಕ್ಕಕ್ಕೆ ಚಾಚಿದ್ದಾನೆ, ಮೊಣಕೈಯಲ್ಲಿ ಒಂದು ಮಡಿಕೆಯಿಲ್ಲ, ಒಂದು ಬಾಗೂ ಇಲ್ಲ, ಇಳಿಸುತ್ತಿಲ್ಲ, ನೆಟ್ಟಗೆ, ಆ ತೋಳು, ನೆಟ್ಟಗೆ