ಕೆಂಪಾಗದ ಕಣ್ಣು

ಸ್ಫೂರ್ತಿಯ ಮೊಣಕಾಲಿನ ಊತ ಇಳಿದಿತ್ತು. ಏಳು ವರ್ಷದ ಹುಡುಗಿ ಮತ್ತೆ ಕುಂಟಾಬಿಲ್ಲೆ ಆಡುತ್ತಿದ್ದಳು. ಮಕ್ಕಳಿಗೂ ಸಂಧಿವಾತ ಬರುತ್ತದೆ ಎಂದು ಕೇಳಿ ವರ್ಷದ ಹಿಂದೆ ಕಂಗಾಲಾಗಿದ್ದ ಅಜ್ಜಂಪುರದ ಆ ಮನೆಯವರು ಈಗ ನಿರಾಳವಾಗಿದ್ದರು. ತಾಯಿ ಸುಮನಾ ಮಾತ್ರ ದಿನಕ್ಕೆ ಹತ್ತು ಸಲ ಮಗಳ ಕಣ್ಣನ್ನೇ ನೋಡುತ್ತಿದ್ದಳು. ಮೂರು ತಿಂಗಳಿಗೊಮ್ಮೆ ಕಣ್ಣು ತೋರಿಸಿ ಎಂದಿದ್ದರು ಡಾಕ್ಟರು. ಹೋದ ಸಲ ನಾದಿನಿಯ ಮದುವೆಯ ಗಡಿಬಿಡಿಯಲ್ಲಿ ತಪ್ಪಿತ್ತು. ಈಗ ಆರನೇ ತಿಂಗಳು.

"ನಾಳೆ ಶಿವಮೊಗ್ಗಕ್ಕೆ ಹೋಗಿ ಬತ್ತೀನಿ ಅತ್ತೆ."

ರವಿಕೆಗೆ ಹುಕ್ಕು ಹೊಲಿಯುತ್ತಿದ್ದ ಸಾವಿತ್ರಮ್ಮ ತಲೆ ಎತ್ತಿದರು. "ಕಾಲುನೋವಿಗೂ ಕಣ್ಣಿಗೂ ಏನೇ ಸಂಬಂಧ? ಕೆಂಪಾಗಿಲ್ಲ, ನೀರು ಸುರೀತಿಲ್ಲ. ಬಾರೇ ಪುಟ್ಟಿ, ಈ ಸೂಜಿಗೆ ದಾರ ಪೋಣಿಸು."

ಸ್ಫೂರ್ತಿ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿಬಿಟ್ಟಳು.

"ನೋಡ್ದ್ಯಾ? ನಿನ್ ಕೈಲೇ ಆಗಲ್ಲ ಇದು! ಮಗೂನ ಸುಮ್ನೆ ಬಸ್ಸಲ್ಲಿ ಕುಲುಕಾಡಿಸ್ಕೊಂಡು ಹೋಗ್ತಾಳಂತೆ."

ಅತ್ತೆಯ ಮಾತೇ ನಿಜವಾಗಲಿ ಎಂದು ಸುಮನಾ ಆಸೆಪಟ್ಟಳು. ಆದರೂ ಮಗಳ ಗದ್ದ ಹಿಡಿದೆತ್ತಿ ಮತ್ತೊಮ್ಮೆ ಕಣ್ಣು ನೋಡಿದಳು.

ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ ಆಶಾ ಕಾರ್ಯಕರ್ತೆ ಪ್ರತಿಮಾ ನಕ್ಕಳು. "ದಾರ ಏನೋ ಪೋಣಿಸಿದ್ಲು ಸಾವಿತ್ರಮ್ಮೋರೆ. ನಿಮ್ ಬಿಪಿ ಎಷ್ಟೈತೆ ಅಂತ ಮುಖ ನೋಡಿ ಹೇಳ್ಲಾ?"

"ಅದ್ಹೆಂಗೆ ಹೇಳ್ತೀಯೇ? ಪಟ್ಟಿ ಕಟ್ಟಿ ನೋಡ್ಬೇಕು."

"ಇದೂ ಹಂಗೇ ಕಣ್ರೀ. ಈ ಕಾಯಿಲೆ ಇರೋ ಕೆಲವು ಮಕ್ಕಳಿಗೆ ಕಣ್ಣೊಳಗೆ ಉರಿಯೂತ ಆಯ್ತದೆ. ಎಷ್ಟೋ ಸಲ ಕೆಂಪಾಗಲ್ಲ, ನೋವೂ ಇರಲ್ಲ. ಕಾಲು ವಾಸಿಯಾದ್ಮೇಲೂ ಬರ್ಬೋದು. ಕಣ್ಣು ಮಂಜಾಗೋ ಹೊತ್ತಿಗೆ ಒಳಗೆ ಹಾಳಾಗಿರ್ತದೆ."

"ಸರಿ, ನಾನೂ ಹೋಗ್ತೀನಿ. ಏನೂ ಇಲ್ಲ ಅಂದ್ರೆ ಬಂದು ನಿನ್ನ ವಿಚಾರಿಸ್ಕೊಂತೀನಿ!"

"ಏನೂ ಇಲ್ದೇ ಇರ್ಲಿ. ಬೈಸ್ಕೊಂತೀನಿ."

ಮಾರನೇ ದಿನ ಆಸ್ಪತ್ರೆಯಲ್ಲಿ ಸ್ಫೂರ್ತಿ ಅಕ್ಷರದ ಬೋರ್ಡನ್ನು ಕೊನೆಯ ಸಾಲಿನವರೆಗೂ ಓದಿದಳು. ಸಾವಿತ್ರಮ್ಮ ಗೆದ್ದವರಂತೆ ಸೊಸೆಯ ಕಡೆ ತಿರುಗಿದರು. ಆದರೆ ಡಾಕ್ಟರು ಮಗುವಿನ ಗದ್ದವನ್ನು ಯಂತ್ರಕ್ಕೆ ಆನಿಸಿ, ಗೆರೆಯಷ್ಟು ಸಣ್ಣ ಬೆಳಕು ಬಿಟ್ಟು ನೋಡಿದರು. ಬಲಗಣ್ಣು. ಎಡಗಣ್ಣು. ಮತ್ತೆ ಎಡಗಣ್ಣು.

"ಎಡಗಣ್ಣೊಳಗೆ ಉರಿಯೂತ ಶುರುವಾಗಿದೆ. ಪುಣ್ಯಕ್ಕೆ ದೃಷ್ಟಿಗೆ ಪೆಟ್ಟಾಗಿಲ್ಲ. ಈ ಹನಿಗಳನ್ನ ಹೇಳಿದ ಹಾಗೇ ಹಾಕಿ. ಚೆನ್ನಾಗಾಯ್ತು ಅಂತ ನೀವೇ ನಿಲ್ಲಿಸ್ಬೇಡಿ. ಕೀಲಿನ ಔಷಧಿಯನ್ನೂ ಅಷ್ಟೇ."

"ಇನ್ನಾರು ತಿಂಗಳು ಬಿಟ್ಟು ಬಂದಿದ್ರೆ?" ಕೇಳಿದವರು ಸಾವಿತ್ರಮ್ಮ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಪೊರೆ ಬರಬಹುದಿತ್ತು. ಕಣ್ಣೇ ಹೋಗಬಹುದಿತ್ತು."

ಸಾವಿತ್ರಮ್ಮ ಮೊಮ್ಮಗಳನ್ನು ತೊಡೆಗೆಳೆದುಕೊಂಡರು.

"ಮತ್ತೆ ಯಾವತ್ತು ಬರ್ಬೇಕು ಅಂತ ದೊಡ್ಡಕ್ಷರದಲ್ಲಿ ಬರ್ಕೊಡಿ ಸ್ವಾಮಿ. ನನಗೂ ಓದೋಕಾಗ್ಬೇಕು."

ತಾಯಂದಿರೇ, ಅಜ್ಜಿಯರೇ, ನಿಮ್ಮ ಮನೆಯ ಮಗುವಿಗೆ ಸಂಧಿವಾತ ಇದೆಯೇ? ಕಣ್ಣು ಕೆಂಪಾಗಲಿ ಎಂದು ಕಾಯಬೇಡಿ. ಚೆನ್ನಾಗಿ ಕಾಣುತ್ತದೆ ಎಂದು ಸುಮ್ಮನಿರಬೇಡಿ. ಡಾಕ್ಟರು ಹೇಳಿದ ದಿನಕ್ಕೆ ಕಣ್ಣು ತೋರಿಸಿ. ಆ ದಿನ ಆಗಲೇ ದಾಟಿಹೋಗಿದ್ದರೆ, ನಾಳೆಯೇ ಹೊರಡಿ.