ಗ್ಯಾರೇಜಿನ ಹಿತ್ತಾಳೆ

ಯಾಮಿನಿ ನಾಲ್ಕು ಕಾಳು ಅಕ್ಕಿಯನ್ನು ಕೇಶವಮೂರ್ತಿಗಳ ಬಾಯಿಗೆ ಹಾಕಿ, ಕಣ್ಣೊರೆಸಿಕೊಂಡು, ಬಟ್ಟಲನ್ನು ಅವರ ಹೆಂಡತಿ, ತನ್ನ ಗೆಳತಿ ಮೈಥಿಲಿಯ ಕೈಗೆ ಮರಳಿಸಿದಳು. ತಲೆಯ ಬಳಿ ಹಿತ್ತಾಳೆ ದೀಪ ಹೊಳೆಯುತ್ತಿತ್ತು. ಅಮೆರಿಕದ ಆ ಫ್ಯೂನರಲ್ ಹೋಮಿನವರು ಬೆಂಕಿ ಬೇಡವೆಂದದ್ದಕ್ಕೆ ಅದರಲ್ಲಿ ಬ್ಯಾಟರಿ ಬತ್ತಿ ಕೂತಿತ್ತು.

"ನಮ್ಮನೆ ದೀಪಾನೇ ತಂದಿಟ್ಟೆ ಮೈಥಿಲಿ. ಡಾಕ್ಟ್ರೇ ಪಾಲಿಶ್ ಮಾಡ್ಕೊಟ್ಟಿದ್ದಲ್ವಾ. ಎಲಿಕಾಟ್ ಸಿಟೀಲಿ ಅವ್ರ ಕೈ ತಾಗದ ದೀಪ ಯಾರ ಮನೇಲಿದೆ ಹೇಳು?"

ಮೈಥಿಲಿ ತಲೆ ತಗ್ಗಿಸಿದಳು. ಸಾಲಿನ ಕೊನೆಯಲ್ಲಿ ಅಗಲ ಭುಜದ ಮುದುಕ ಡೇಲ್, ಮುಷ್ಟಿ ಬಿಗಿಹಿಡಿದು ನಿಂತಿದ್ದ.

"ಅವ್ರು ಯಾರು?" ಯಾಮಿನಿ ಕೇಳಿದಳು.

"ಅವ್ರಾ? ನಮ್ಮ ಗ್ಯಾರೇಜ್ ಡೋರ್ ರಿಪೇರಿ ಮಾಡೋರು."

ಗ್ಯಾರೇಜ್ ಎಂಬ ಮಾತು ಕಿವಿಗೆ ಬಿದ್ದು ಡೇಲ್ ಹೌದೆಂದು ತಲೆಯಾಡಿಸಿದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಮೈಥಿಲಿಗೆ.

*

ಮಕ್ಕಳ ಡಾಕ್ಟರಾಗಿದ್ದ ಕೇಶವಮೂರ್ತಿಗಳು ಕೋವಿಡ್ ವರ್ಷ ರಿಟೈರಾದರು. ಆಮೇಲೆ ಹಿಡಿದದ್ದು ಶೂಟಿಂಗ್ ರೇಂಜಿನ ಹುಚ್ಚು. ಬಂದೂಕಿನಿಂದ ಹೊಡೆಯುತ್ತಿದ್ದದ್ದು ಕಾಗದದ ಗುರಿಗೆ ಮಾತ್ರ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಕೇಸುಗಳನ್ನು ಆಯ್ದು ತಂದು, ಡೇಲ್ ಜೊತೆ ಗ್ಯಾರೇಜಿನಲ್ಲಿ ಕೂತು ಮತ್ತೆ ಮದ್ದು ತುಂಬಲು ಅಣಿ ಮಾಡುತ್ತಿದ್ದರು.

"ಲೈಟ್ ಆರಿಸು, ಕಾದ ಬಣ್ಣ ಕಾಣಲ್ಲ," ಎಂದು ಹೆಂಡತಿಗೆ ಹೇಳುತ್ತ ಗ್ಯಾಸಿನ ಉರಿಯಲ್ಲಿ ಕೇಸಿನ ಕತ್ತು ತಿರುಗಿಸುತ್ತಿದ್ದರು. "ಹೊಡೆದೂ ಹೊಡೆದೂ ಹಿತ್ತಾಳೆ ಗಡಸಾಗಿ ಸೀಳತ್ತೆ. ಕತ್ತು ಹದವಾಗಿ ಕಾಯಿಸಿದ್ರೆ ಮತ್ತೆ ಮೆತ್ತಗಾಗತ್ತೆ. ಬಾ, ನೋಡು."

"ಎಲ್ಲಾರೂ ನೋಡ್ತಾರೆ, ಮೊದ್ಲು ಬಾಗಿಲು ಹಾಕಿ," ಎಂದು ಮೈಥಿಲಿ ಒಳಗೆ ಹೋಗಿಬಿಡುತ್ತಿದ್ದಳು. ಒಂದು ಸಲವೂ ನೋಡಲಿಲ್ಲ.

ಗ್ಯಾರೇಜಿನಲ್ಲಿ ಅದೇನು ಗರಗರ ಸದ್ದು ಎಂದು ಯಾಮಿನಿ ಕೇಳಿದಾಗ, "ದೇವರ ಸಾಮಾನು ಪಾಲಿಶ್ ಮಾಡ್ತಾರೆ," ಎಂದು ಮೈಥಿಲಿ ಬಾಯಿಗೆ ಬಂದದ್ದು ಹೇಳಿದಳು. ವಾರ ಕಳೆಯುವುದರೊಳಗೆ ಪರಿಚಯದವರ ಮನೆಗಳಿಂದ ದೀಪ, ಗಂಟೆ, ಪಂಚಪಾತ್ರೆ ಬಾಗಿಲಿಗೆ ಬಂದವು. ಕೇಶವಮೂರ್ತಿಗಳು ಹೆಂಡತಿಯ ಮುಖ ನೋಡಿದರು. ಸಣ್ಣವನ್ನು ಕೇಸು ಉಜ್ಜುವ ಯಂತ್ರಕ್ಕೆ ಹಾಕಿದರು, ದೊಡ್ಡವನ್ನು ಕೈಯಲ್ಲೇ ತಿಕ್ಕಿದರು. ಐದು ವರ್ಷ ಅವಳ ಸುಳ್ಳನ್ನು ನಿಜ ಮಾಡುತ್ತಲೇ ಇದ್ದರು.

*

ಸರದಿ ಬಂದಾಗ ಡೇಲ್ ಮೈಥಿಲಿಯ ಮುಂದೆ ಮುಷ್ಟಿ ಬಿಚ್ಚಿದ. ಬೆರಳುದ್ದದ ಕೇಸು; ಕತ್ತಿನ ಸುತ್ತ ನೀಲಿ ಛಾಯೆ. ಹೋದ ಶನಿವಾರ ಡಾಕ್ಟರು ಕಾಯಿಸಿದ್ದು, ಅವರ ಜೇಬಿನಲ್ಲಿ ಇಡಬಹುದೇ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ.

ಮಗಳು ಇಶಾ ಮೈಥಿಲಿಯ ಕೈ ಹಿಡಿದಳು. "ಅಮ್ಮ, ಪ್ಲೀಸ್, ನಾಟ್ ಹಿಯರ್. ಎಲ್ಲಾರೂ ನೋಡ್ತಾರೆ."

ತನ್ನದೇ ಮಾತು ಮಗಳ ಬಾಯಲ್ಲಿ ಕೇಳಿ ಮೈಥಿಲಿಗೆ ನಾಚಿಕೆಯಿಂದ ಮುಖವೆಲ್ಲ ಉರಿಯಿತು.

"ಏನೇ ಅದು?" ಯಾಮಿನಿ ಬಗ್ಗಿ ನೋಡಿದಳು.

"ಗುಂಡಿನ ಕೇಸು. ಅವ್ರು ಗ್ಯಾರೇಜಲ್ಲಿ ಮಾಡ್ತಿದ್ದದ್ದು ಇದೇ. ಇವ್ರು ಡೇಲ್, ಅವ್ರ ಫ್ರೆಂಡ್."

ಯಾಮಿನಿ ತನ್ನ ದೀಪದ ಕಡೆ ನೋಡಿದಳು.

ಮೈಥಿಲಿ ಡೇಲ್ ಕೈಯಿಂದ ಕೇಸನ್ನು ತೆಗೆದು ಬೆಳಕಿಗೆ ಹಿಡಿದು, ನೀಲಿಯನ್ನು ಮೊದಲ ಸಲ ಸರಿಯಾಗಿ ನೋಡಿದಳು. ಬಟ್ಟಲಿನಿಂದ ಅದರೊಳಗೆ ಒಂದೊಂದೇ ಅಕ್ಕಿಕಾಳು ತುಂಬತೊಡಗಿದಳು. ಕೆಲವು ನೆಲಕ್ಕೆ ಬಿದ್ದವು. ಎಲ್ಲರೂ ನೋಡುತ್ತಿದ್ದರು. ತುಂಬಿದ ಮೇಲೆ ಬಾಗಿ, ಅದನ್ನು ಗಂಡನ ತುಟಿಯ ಮೇಲೆ ಓರೆಮಾಡಿದಳು.