ಪಾಚಿಗೆ ಹನ್ನೊಂದು, ಹೃದಯಕ್ಕೆ ನಾನೂರು

ಸಂಶೋಧನಾಲಯದ ಮೂಲೆಯ ದೊಡ್ಡ ಕೋಣೆ ಖಾಲಿಯಾಯಿತು. ಅದರ ಮೇಲೆ ಕಣ್ಣಿಟ್ಟವರು ಇಬ್ಬರು, ಅದೂ ಒಡಹುಟ್ಟಿದವರು. ಅಕ್ಕ ಪಾಚಿಯ ಬಗ್ಗೆ ಸಂಶೋಧನೆ ಮಾಡುವವಳು. ಇಪ್ಪತ್ತು ವರ್ಷದಿಂದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ತಲೆ ಬಗ್ಗಿಸಿ ಓಡಾಡುತ್ತಿದ್ದಳು. ತಮ್ಮ ಹೃದ್ರೋಗದ ಸಂಶೋಧಕ. ಎದೆ ಸೆಟೆಸಿ ಓಡಾಡುತ್ತಿದ್ದ.

ನಿರ್ದೇಶಕರು ಜಗಳದ ಹತ್ತಿರ ಸುಳಿಯುವವರಲ್ಲ. ಗ್ರಂಥಪಾಲಕಿಯನ್ನು ಕರೆದು, "ಇಬ್ಬರದೂ ಒಂದೊಂದು ಒಳ್ಳೆ ಲೇಖನ ತಗೊಳ್ಳಿ. ಬೇರೆಯವರು ಅದನ್ನ ಎಷ್ಟು ಸಲ ಉಲ್ಲೇಖ ಮಾಡಿದಾರೆ ಎಣಿಸಿ. ಯಾರದು ಜಾಸ್ತಿಯೋ ಅವರಿಗೆ ಬೀಗದ ಕೈ" ಎಂದರು.

ಎಣಿಕೆ ಅರ್ಧ ಗಂಟೆಯಲ್ಲಿ ಮುಗಿಯಿತು. ತಮ್ಮನಿಗೆ ನಾನೂರ ಹನ್ನೆರಡು, ಅಕ್ಕನಿಗೆ ಹನ್ನೊಂದು. ಸುದ್ದಿ ಕ್ಯಾಂಟೀನಿಗೂ ಹಬ್ಬಿತು.

"ಅಕ್ಕಾ, ಕಿಟಕಿ ಪರದೆ ಯಾವ ಬಣ್ಣದ್ದು ಹಾಕಿಸಲಿ?"

"ನಿನ್ನ ಮುಖ ಮುಚ್ಚೋವಷ್ಟು ಉದ್ದ ಇದ್ರೆ ಸಾಕು, ಯಾವುದಾದ್ರೂ ಆಗುತ್ತೆ."

ಆದರೆ ಗ್ರಂಥಪಾಲಕಿಗೊಂದು ಚಾಳಿಯಿತ್ತು, ಎಣಿಸಿದ್ದನ್ನು ಓದುವುದು. ತಮ್ಮನ ಲೇಖನವನ್ನು ಉಲ್ಲೇಖಿಸಿದವರಲ್ಲಿ ಮೊದಲನೆಯವರು, 'ಈ ಅಳತೆ ನಂಬಿ ನಾವು ಎರಡು ವರ್ಷ ಹಾಳುಮಾಡಿಕೊಂಡೆವು' ಎಂದಿದ್ದರು. ಎರಡನೆಯವರು, 'ಹೇಗೆ ಅಳೆಯಬಾರದು ಎಂಬುದಕ್ಕೆ ಇದನ್ನು ನೋಡಿ' ಎಂದಿದ್ದರು. ಸಂಜೆಯೊಳಗೆ ಅರವತ್ತು ನೋಡಿದಳು, ನಲವತ್ತೈದರಲ್ಲಿ ಬೈಗುಳವೇ. ಅಷ್ಟಕ್ಕೇ ಬಿಡದೆ ಅಕ್ಕ-ತಮ್ಮರ ಲೇಖನಗಳು ಅಚ್ಚಾದ ವರ್ಷದ ಬೇರೆ ಲೇಖನಗಳನ್ನೂ ಜಾಲಾಡಿದಳು. ಹೃದಯದ ಬಗ್ಗೆ ಬಂದವಕ್ಕೆ ನಾನೂರು ಉಲ್ಲೇಖ ಮಾಮೂಲು. ಪಾಚಿಯವಕ್ಕೆ ಎರಡೋ ಮೂರೋ ಸಿಕ್ಕರೆ ಪುಣ್ಯ.

ನೇರ ನಿರ್ದೇಶಕರ ಬಳಿ ಹೋಗಲು ಮನಸ್ಸಾಗದೆ ಅವಳು ತಮ್ಮನ ಬಾಗಿಲು ತಟ್ಟಿದಳು. ಅವಳ ಕೈಯಲ್ಲಿದ್ದ ಹಾಳೆಗಳನ್ನು ನೋಡಿದ್ದೇ ಅವನ ಮುಖ ಇಳಿಯಿತು.

"ಓದಿಬಿಟ್ರಾ?"

"ಎಣಿಸೋಕೆ ಹೇಳಿದ್ರು. ಓದಿದ್ದು ನನ್ನದೇ ಅಧಿಕಪ್ರಸಂಗ."

"ಬೈದರೂ ಹೆಸರು ಹಿಡಿದು ಬೈತಾರಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ" ಎಂದ. ಹಾಳೆಗಳನ್ನು ತಿರುವಿಹಾಕಿ, "ಅಕ್ಕನಿಗೆ ನಾನೇ ಹೇಳ್ತೀನಿ" ಎಂದ. ಹೇಳಲಿಲ್ಲ.

ಮರುದಿನ ಸಭೆ ಕೂಡಿತು. ಗ್ರಂಥಪಾಲಕಿ ತನ್ನ ಪಟ್ಟಿಯಲ್ಲಿ ಪಾಚಿಯ ಲೇಖನವನ್ನೇ ಮೇಲೆ ಬರೆದಿದ್ದಳು.

"ಹನ್ನೊಂದು ನಾನೂರಕ್ಕಿಂತ ದೊಡ್ಡದು ಹೇಗಮ್ಮ?" ಎಂದರು ನಿರ್ದೇಶಕರು.

"ಸರ್, ಹೃದಯದ ಬಗ್ಗೆ ಬರೆಯೋರು ಸಂತೆಯಷ್ಟಿದಾರೆ. ಪಾಚಿಯವರೆಲ್ಲ ಸೇರಿದರೂ ಒಂದು ಬಸ್ಸು ತುಂಬಲ್ಲ. ಆ ಬಸ್ಸಲ್ಲಿ ಹನ್ನೊಂದು ಜನ ಇವರ ಮಾತು ನಂಬಿ ಕೆಲಸ ಮಾಡಿದಾರೆ."

"ಆದರೂ ನಾನೂರು ನಾನೂರೇ ಅಲ್ವಾ?"

ತಮ್ಮ ಎದ್ದು ನಿಂತ. "ಅದರಲ್ಲಿ ಮುಕ್ಕಾಲು ಪಾಲು ಬೈಗುಳ ಸರ್. ನನ್ನ ಅಳತೆ ತಪ್ಪಿತ್ತು." ಅಕ್ಕನ ಕಡೆ ತಿರುಗಿ, "ನಿನಗೆ ಮೊದಲೇ ಹೇಳಬೇಕಿತ್ತು" ಎಂದ.

"ನನಗೆ ಗೊತ್ತಿತ್ತು ಕಣೋ. ಅಚ್ಚಾದ ವಾರವೇ ಓದಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಅದನ್ನ ಅಮ್ಮನಿಗೆ ತೋರಿಸಿ ಅಷ್ಟು ಖುಷಿಯಾಗಿದ್ದೆ. ಹೇಗೆ ಹೇಳೋದು?"

ನಿರ್ದೇಶಕರು ಕನ್ನಡಕ ಒರೆಸುವ ನೆಪದಲ್ಲಿ ಬೀಗದ ಕೈಯನ್ನು ಅಕ್ಕನ ಮುಂದೆ ಸರಿಸಿದರು.

ಅವಳು ಬಾಗಿಲು ತೆರೆದಾಗ ಮೂರು ಕಿಟಕಿಗಳಿಂದಲೂ ಬಿಸಿಲು ಸುರಿಯುತ್ತಿತ್ತು. ಈ ಬಿಸಿಲಿಗೆ ಪಾಚಿ ಎರಡು ದಿನವೂ ಬಾಳದು. ಇಪ್ಪತ್ತು ವರ್ಷ ಆಸೆಪಟ್ಟವಳಿಗೆ ಇದು ಹೊಳೆದೇ ಇರಲಿಲ್ಲ. ಹಿಂದೆಯೇ ಬಂದಿದ್ದ ತಮ್ಮ ನಗು ತಡೆಯಲು ಕೆಮ್ಮಿದ.

"ಕೆಮ್ಮಬೇಡ, ನಿನ್ನ ಮೇಜು ತಗೊಂಡು ಬಾ" ಎಂದಳು. "ಇಲ್ಲಿ ಕೂತು ಎಲ್ಲಾ ಮತ್ತೆ ಅಳೆದು ಹೊಸ ಲೇಖನ ಬರಿ. ಈ ಸಲ ಕಳಿಸೋಕೆ ಮುಂಚೆ ನನಗೆ ತೋರಿಸು."

ಅವನು ಮೇಜಿನ ಒಂದು ತುದಿ ಹಿಡಿದ, ಗ್ರಂಥಪಾಲಕಿ ಇನ್ನೊಂದು ತುದಿ ಹಿಡಿದಳು. ಅಕ್ಕ ಪಾಚಿಗೆ ನೀರು ಚಿಮುಕಿಸಲು ಮೆಟ್ಟಿಲ ಕೆಳಗಿನ ತನ್ನ ಕೋಣೆಗೆ ಇಳಿದಳು.